ನೀರು ಸೋಕಬಾರದ ಸ್ವೆಟರ್

ನಮ್ಮದು ಲಾಂಡ್ರಿ. ಕಂಡವರ ಬಟ್ಟೆಯ ಕಲೆ ತೆಗೆಯುವುದೇ ಹೊಟ್ಟೆಪಾಡು. ಅಂಥ ಮನೆಯಲ್ಲಿ ಒಂದೇ ಒಂದು ಬಟ್ಟೆಗೆ ನೀರು ಸೋಕಿಸಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಅದು ಮಗಳ ನೀಲಿ ಸ್ವೆಟರ್. ಜ್ವರ ಅವಳನ್ನು ಕೊಂಡೊಯ್ದ ಮೇಲೆ ಅವಳ ವಾಸನೆ ಉಳಿದಿದ್ದು ಅದೊಂದರಲ್ಲೇ. ಅದರ ಮೇಲೆ ಮಲಗುವ ಹಕ್ಕು ಅವಳ ಮುದಿ ಬೆಕ್ಕಿಗೆ ಮಾತ್ರ. ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟವಳೂ ಅವಳೇ. ಅಜ್ಜಿ ಎದ್ದು ಆಚೆ ಹೋದಾಗ ನಾನು ಸ್ವೆಟರಿನಲ್ಲಿ ಮುಖ ಹುದುಗಿಸಿ ಕೂರುತ್ತಿದ್ದೆ.

ಅಜ್ಜಿ ಊಟ ಬಿಟ್ಟು ಸೊರಗುವುದನ್ನು ನೋಡಲಾರದೆ ನನ್ನ ನಾದಿನಿ ಒಂದು ಬೆಕ್ಕಿನ ಮರಿ ತಂದಳು.

"ಜೊತೆಗೊಂದು ಜೀವ ಇದ್ರೆ ಚೇತರಿಸ್ಕೊಳ್ಳುತ್ತೆ ಅತ್ತಿಗೆ."

"ಇರೋದನ್ನ ನೋಡ್ಕೊಳ್ಳೋಕೇ ಆಗ್ತಿಲ್ಲ, ಇನ್ನೊಂದು ಬೇರೆ ತಂದ್ಯಾ?" ಎಂದು ರೇಗಿದೆ. ಅಂಗೈಯಗಲದ ಪ್ರಾಣಿ, ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ, ಮೊದಲು ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಲಿ ಎಂದರು ಪ್ರಾಣಿಗಳ ಡಾಕ್ಟರು. ಮರಿಯ ಮೈ ಒರೆಸಿದ ಟವೆಲ್ ಮುಂದಿಟ್ಟರೆ ಅಜ್ಜಿ ಬುಸುಗುಟ್ಟಿ ಮಂಚದಡಿ ಸೇರಿತು. ಆಮೇಲೆ ಅಲ್ಲೇ ಠಿಕಾಣಿ.

"ಅತ್ತೆ ಸೊಸೆ ಆಗಿದ್ರೂ ಇಷ್ಟೊತ್ತಿಗೆ ರಾಜಿ ಆಗಿರೋರು," ಎಂದು ನಮ್ಮ ಯಜಮಾನರು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಒಂದು ರಾತ್ರಿ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಮರಿ ನುಸುಳಿಬಂದು, ಸ್ವೆಟರಿನೊಳಗೆ ತೂರಿಕೊಂಡು ಬೆಳಗಿನವರೆಗೆ ನಿದ್ದೆ ಹೊಡೆದು, ಎದ್ದದ್ದೇ ಉಚ್ಚೆ ಹೊಯ್ದಿತ್ತು. ನಾನು ತರಕಾರಿ ತರಲು ಹೋಗಿದ್ದೆ. ಕಲೆ ಕಂಡರೆ ಯಜಮಾನರ ಕೈ ಸುಮ್ಮನಿರುವುದಿಲ್ಲ. ನಾನು ಬರುವಷ್ಟರಲ್ಲಿ ಒಗೆದು, ಮಷಿನ್ನಿನಲ್ಲಿ ಒಣಗಿಸಿ, ಮಡಿಸಿಯೂ ಆಗಿತ್ತು.

"ಒಂದು ಚೂರೂ ಕಲೆ ಇಲ್ಲ ನೋಡು," ಎಂದವರು ನನ್ನ ಮುಖ ಕಂಡು ಬೆಚ್ಚಿದರು. "ಅಯ್ಯೋ... ಕೈ ತಾನಾಗೇ ಮಾಡ್ಬಿಡ್ತು ಕಣೇ."

ಕಿತ್ತುಕೊಂಡು ಮೂಸಿದೆ. ಸೋಪು. ಬರೀ ಸೋಪು. ಮಗಳು ಎರಡನೇ ಸಲ ಹೋದಳು. ಕುಸಿದು ಕೂತು ಅತ್ತುಬಿಟ್ಟೆ, ಬಾಯಿಗೆ ಬಂದಂತೆ ಬೈದೆ.

ಗಲಾಟೆಗೆ ಅಜ್ಜಿ ಹೊರಬಂದು ಸ್ವೆಟರ್ ಮೂಸಿತು. ಯಾರದೋ ಬಟ್ಟೆ ಎಂಬಂತೆ ದಾಟಿಹೋಯಿತು. ಮೂಲೆಯಲ್ಲಿ ನಡುಗುತ್ತಿದ್ದ ಮರಿಯ ಮುಂದೆ ನಿಂತಿತು. ಮುಗಿಯಿತು ಇದರ ಕಥೆ ಎಂದುಕೊಂಡೆ. ಅಜ್ಜಿ ಬುಸುಗುಟ್ಟಲಿಲ್ಲ. ಮರಿಯ ಕುತ್ತಿಗೆಯನ್ನು ಮತ್ತೆ ಮತ್ತೆ ಮೂಸಿ, ಮೈಗೆ ಮೈ ತಾಗಿಸಿ ಮಲಗಿ, ಹಿತವಾಗಿ ಗುರುಗುಟ್ಟತೊಡಗಿತು.

"ರಾತ್ರಿಯೆಲ್ಲಾ ಅದ್ರೊಳಗೇ ಮಲ್ಗಿತ್ತಲ್ಲ..." ಎಂದರು ಅವರು ಮೆಲ್ಲಗೆ.

ಮರಿಯನ್ನು ಬಾಚಿ ಎತ್ತಿಕೊಂಡು ಅದರ ಕುತ್ತಿಗೆಗೆ ಮೂಗಿಟ್ಟೆ. ಎದೆ ತುಂಬ ಉಸಿರೆಳೆದೆ. ಹಾಲಿನ ವಾಸನೆ. ಬೇರೇನೂ ಇಲ್ಲ.

"ಬಂತಾ?"

ಅವರ ಕಣ್ಣು ತುಂಬಿತ್ತು.

"ಬಂತು," ಎಂದೆ.

ಅವರು ಮರಿಯನ್ನು ಈಸಿಕೊಂಡು ಮುಖಕ್ಕೊತ್ತಿಕೊಂಡರು. ಒಮ್ಮೆ ಬಿಟ್ಟು, ಮತ್ತೊಮ್ಮೆ ಉಸಿರೆಳೆದರು.

"ಹೌದು ಕಣೇ," ಎಂದರು, ನನ್ನ ಕಡೆ ನೋಡದೆ. "ಅವಳದ್ದೇ."