ಮೇನ್ ತೆಗೆದರೂ ನಿಲ್ಲದ ಸಪ್ಪಳ

ವಾಯರ್‌ಮನ್ ದಾನಪ್ಪ ಗೋಕಾಕದ ಕಡೆಯವನು. ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಸಾಂತಾಕ್ರೂಜ್‌ನಿಂದ ಕಾಂದಿವಲಿಯವರೆಗೆ ಅವನು ತಂತಿ ಎಳೆದ ಮನೆಗಳಿಗೆ ಲೆಕ್ಕವಿರಲಿಲ್ಲ. ಕರೆಂಟಿನ ವಿಷಯದಲ್ಲಿ ಅವನಿಗೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಮೇನ್ ಸ್ವಿಚ್ಚು ತೆಗೆದರೆ ಬೋರ್ಡು ಸತ್ತ ಹಾಗೆ, ಆಮೇಲೆ ಅದು ಬರೀ ಮರದ ಹಲಗೆ ಎಂದು ಅವನು ತಿಳಿದಿದ್ದ. ಐವತ್ತಾರನೆಯ ಇಸವಿಯ ದೀಪಾವಳಿ ಕಳೆಯುವ ತನಕ ಆ ತಿಳಿವಳಿಕೆ ಒಮ್ಮೆಯೂ ಸುಳ್ಳಾಗಿರಲಿಲ್ಲ.

ದಾನಪ್ಪ ದಿನವೂ ಚಹಾ ಕುಡಿಯುವ ಸಾಂತಾಕ್ರೂಜ್ ಹೋಟೆಲಿನಲ್ಲಿ ದೂಜ ಎಂಬವನು ಅಡುಗೆಗಿದ್ದ. ಒಂದು ದಿನ ಅವನೇ ಒಳಗಿನಿಂದ ಎದ್ದು ಬಂದು ಎದುರು ಕೂತ. "ದಾನಪ್ಪಣ್ಣ, ಒಮ್ಮೆ ನಮ್ಮ ಪಾರ್ಲೆ ಮನೆಗೆ ಹೋಗಿ ಬನ್ನಿ ಮಾರಾಯ್ರೆ. ಬೋರ್ಡು ಎರಡು ತಿಂಗಳಿಂದ ಗುಂಯ್ ಅಂತ ಉಂಟು. ನನ್ನ ಹೆಂಡತಿ ಸ್ವಿಚ್ಚಿಗೆ ಕೈ ಹಚ್ಚಲಿಕ್ಕೇ ಹೆದರ್ತಾಳೆ."

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ದಾನಪ್ಪ ವಿಲೆ ಪಾರ್ಲೆಯ ಆ ಮನೆಗೆ ಹೋದ. ಹಳೆಯ ಕಾಲದ ದಪ್ಪ ಗೋಡೆಯ ಕಟ್ಟಡ, ಕೆಳಗಿನ ಎರಡು ಕೋಣೆ ದೂಜನದು. ಬಾಗಿಲು ತೆರೆದವಳು ದೂಜನ ಹೆಂಡತಿ ವಾರಿಜಾ. ಒಳಗೆ ಅಡುಗೆಮನೆಯಲ್ಲಿ ಅವಳ ಅತ್ತೆ ಅಕ್ಕು ತೆಂಗಿನಕಾಯಿ ತುರಿಯುತ್ತಿದ್ದಳು. ಮುದುಕಿ ಕಾರ್ಕಳದ ಕಡೆಯ ಹಳ್ಳಿಯಿಂದ ಬಂದು ಇನ್ನೂ ನಾಲ್ಕೇ ದಿನವಾಗಿತ್ತು. ಎರಡೂ ಕಿವಿ ಮಂದ. ಈ ಸಪ್ಪಳದ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ದಾನಪ್ಪ ಬೋರ್ಡಿನ ಮುಂದೆ ನಿಂತು ಆಲಿಸಿದ. ಗುಂಯ್ ಎನ್ನುವ ಒಂದೇ ಸಮನೆಯ ಸದ್ದು, ನಡುನಡುವೆ ಚಟಚಟ.

"ಚಟಚಟ ಅಂದರ ಯಾವುದೋ ಸ್ಕ್ರೂ ಸಡಲಾಗೈತಿ, ತಂಗೀ. ಅದೇನ್ ದೊಡ್ಡದಲ್ಲ," ಎಂದು ಅವನು ಮೇನ್ ತೆಗೆದು, ಪಂಖಾದ ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಸಡಿಲಾಗಿದ್ದ ಸ್ಕ್ರೂ ಬಿಗಿದ. ತಲೆ ಮೇಲಿನ ಪಂಖಾ ನಿಧಾನವಾಗಿ ನಿಂತಿತು. ದೀಪ ಆರಿತ್ತು. ಚಟಚಟವೂ ಇರಲಿಲ್ಲ.

ಗುಂಯ್ ಮಾತ್ರ ಇತ್ತು.

ದಾನಪ್ಪ ಮೇನ್ ಸ್ವಿಚ್ಚಿನ ಹಿಡಿ ನೋಡಿದ. ಕೆಳಗೇ ಇತ್ತು. ಪಿಂಗಾಣಿಯ ಎರಡು ಫ್ಯೂಸುಗಳನ್ನೂ ಕಿತ್ತು ಅಂಗೈಯಲ್ಲಿ ಹಿಡಿದ. ಪರೀಕ್ಷೆಯ ಬಲ್ಬನ್ನು ತಂತಿಗೆ ಹಚ್ಚಿ ನೋಡಿದ. ಅದು ಹೊತ್ತಲಿಲ್ಲ. ಕರೆಂಟು ಇಲ್ಲವೇ ಇಲ್ಲ. ಆದರೂ ಬೋರ್ಡು ಮೊದಲಿನಷ್ಟೇ ಗಟ್ಟಿಯಾಗಿ ಗುಂಯ್ಗುಡುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ದಾನಪ್ಪ ಫ್ಯೂಸು ಕಿತ್ತ ಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದ.

"ಎಂತ ಆಯ್ತು ಅಣ್ಣ?" ವಾರಿಜಾ ಬಾಗಿಲಿನಿಂದಲೇ ಕೇಳಿದಳು.

"ಏನಿಲ್ಲವ್ವಾ." ಅವನಿಗೆ ತನ್ನ ದನಿಯೇ ಬೇರೆಯಾಗಿ ಕೇಳಿಸಿತು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಹಲಗೆಯನ್ನು ಟಕ್ ಎಂದು ಒಮ್ಮೆ ಬಡಿದ. ಬಡಿದದ್ದೇ ತಡ, ಒಳಗಿನಿಂದ ಸ್ಸ್ಸ್ ಎಂದು ಉದ್ದಕ್ಕೆ ಬುಸುಗುಟ್ಟಿದ ಸದ್ದು ಎದ್ದು, ಒಂದೇ ಉಸಿರಿಗೆ ಅಡಗಿತು. ದಾನಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. ವಾರಿಜಾ "ಅಯ್ಯೋ, ಹಾವು!" ಎಂದು ಚೀರಿದಳು.

ಸೊಸೆಯ ಕೂಗಿಗೆ ಅಕ್ಕು ತುರಿಮಣೆ ಬಿಟ್ಟು ಎದ್ದು ಬಂದಳು. ವಾರಿಜಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದಳು. ಮುದುಕಿ ಅಂಗೈಯನ್ನು ಬೋರ್ಡಿನ ಮೇಲಿಡಲು ಹೋಗಿ ಅಳುಕಿ ನಿಂತಳು. "ಇದರಲ್ಲಿ ಕರೆಂಟು ಉಂಟಾ, ಮಗ?"

"ಇಲ್ಲ ಆಯಿ. ನೋಡು, ಫ್ಯೂಸು ನನ್ನ ಕೈಯಾಗದಾವ," ಎಂದು ದಾನಪ್ಪ ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ನನಗೆ ಕೊಡು." ಅಕ್ಕು ಆ ಎರಡು ಫ್ಯೂಸುಗಳನ್ನು ತಕ್ಕೊಂಡು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅಂಗೈಯನ್ನು ಹಲಗೆಗೆ ಒತ್ತಿ, ಕಣ್ಣು ಮುಚ್ಚಿ ನಿಂತಳು. ಮುಖ ನಿಧಾನವಾಗಿ ಅರಳಿತು. ದಾನಪ್ಪನ ಕೈ ಹಿಡಿದೆಳೆದು ತನ್ನ ಅಂಗೈ ಪಕ್ಕದಲ್ಲಿ ಇರಿಸಿದಳು. ಹಲಗೆ ಬೆಚ್ಚಗಿತ್ತು, ದನದ ಹೊಟ್ಟೆಯ ಹಾಗೆ.

"ಹಾವೂ ಅಲ್ಲ, ಕರೆಂಟೂ ಅಲ್ಲ," ಎಂದಳು ಅಕ್ಕು. "ತುಡುವೆ. ಜೇನು ಮಗ, ಜೇನು! ಗೂಡು ಬಡಿದರೆ ಎಲ್ಲ ಒಟ್ಟಿಗೆ ಹೀಗೆ ಬುಸುಗುಡ್ತಾವೆ."

ದಾನಪ್ಪನಿಗೆ ನಂಬಿಕೆ ಬರಲಿಲ್ಲ. ಹೊರಗೆ ಹೋಗಿ ಮನೆಯ ಪಕ್ಕದ ಸಂದಿಯಲ್ಲಿ ಹೊಕ್ಕು ನೋಡಿದ. ರಸ್ತೆಯ ಕಂಬದಿಂದ ಬಂದ ಕರೆಂಟಿನ ತಂತಿ ಗೋಡೆಯೊಳಗೆ ಹೊಗುವಲ್ಲಿ ಒಂದು ತೂತಿತ್ತು. ಕೊಳವೆಯ ಸುತ್ತ ಗಾರೆ ಉದುರಿ ಬೆರಳು ಹಿಡಿಸುವಷ್ಟು ಜಾಗ. ಅಲ್ಲಿಂದ ಸಣ್ಣ ಕಂದು ಹುಳುಗಳು ಹೊರಬೀಳುತ್ತಿದ್ದವು, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಒಳ ಹೋಗುತ್ತಿದ್ದವು. ಒಂದಕ್ಕೊಂದು ಡಿಕ್ಕಿಯಿಲ್ಲ, ತಡೆಯಿಲ್ಲ.

ಮುಂದಿನ ಕೆಲಸವನ್ನೆಲ್ಲ ಹೇಳಿ ಮಾಡಿಸಿದವಳು ಅಕ್ಕುವೇ. ಊರಿನಲ್ಲಿ ಅವಳ ಅಪ್ಪ ತುಡುವೆ ಸಾಕುತ್ತಿದ್ದನಂತೆ, ಅವನ ನಂತರ ಇವಳು. ಸಾಬೂನಿನ ಮರದ ಪೆಟ್ಟಿಗೆಯೊಂದನ್ನು ತೊಳೆಸಿ ಬಿಸಿಲಿಗಿಡಿಸಿದಳು. ತೆಂಗಿನ ನಾರಿಗೆ ಕೆಂಡ ಹಾಕಿ ತೆಳ್ಳಗೆ ಹೊಗೆಯೆಬ್ಬಿಸಿದಳು. ವಾರಿಜಾ ಬಾಳೆನಾರನ್ನು ನೀರಿನಲ್ಲಿ ನೆನೆಸಿದಳು. ದಾನಪ್ಪ ಕಂಬದಿಂದ ಬರುವ ತಂತಿಯನ್ನೂ ಕಡಿದು ಬೇರೆ ಮಾಡಿ, ಬೋರ್ಡಿನ ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿದ. ಹಲಗೆಯ ಅಂಚು ಹಿಡಿದು ಮುಖವನ್ನು ಅತ್ತ ತಿರುಗಿಸಿದ.

"ಹೆದರಿದ್ದು ಹುಳಕ್ಕೆ ಗೊತ್ತಾಗ್ತದೆ. ಅವುಗಳ ಮೇಲೆ ಉಸಿರು ಬಿಡ್ಬೇಡ," ಎಂದಳು ಅಕ್ಕು. "ನಿಧಾನ ಎಳಿ. ಇನ್ನೂ ನಿಧಾನ."

ಹಲಗೆ ಗೇಣಿನಷ್ಟು ಮುಂದೆ ಬಂತು. ದಾನಪ್ಪ ಹಿಂದೆ ಇಣುಕಿ ನೋಡಿ, ಹಿಡಿದಲ್ಲೇ ನಿಂತುಬಿಟ್ಟ.

ಆ ಗೋಡೆಯಲ್ಲಿ ಹಿಂದೆ ದೀಪ ಇಡುವ ದೊಡ್ಡ ಗೂಡೊಂದಿತ್ತು. ಕರೆಂಟು ಬಂದಾಗ ಯಾರೋ ಅದರ ಬಾಯಿಗೇ ಬೋರ್ಡು ಕೂರಿಸಿದ್ದರು. ಈಗ ಆ ಗೂಡಿನ ಚಾವಣಿಯಿಂದ ಮೇಣದ ಏಳು ಎರಿಗಳು ಇಳಿಬಿದ್ದಿದ್ದವು, ಒಂದರ ಪಕ್ಕ ಒಂದು, ನಡುವಿನ ಅಂತರ ಎಲ್ಲಿಯೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ. ಅವುಗಳ ಮೇಲೆಲ್ಲ ಹುಳುಗಳ ಹೊದಿಕೆ ಮಿಸುಕಾಡುತ್ತಿತ್ತು. ದಾನಪ್ಪ ಗೋಡೆಯ ಮೇಲೆ ತಂತಿ ಹಾಯಿಸುವ ಮರದ ಪಟ್ಟಿಗಳನ್ನು ದಾರ ಹಿಡಿದು, ಗೆರೆ ಹೊಡೆದು ಕೂರಿಸುತ್ತಿದ್ದವನು. ಆದರೂ ಒಮ್ಮೊಮ್ಮೆ ಸೊಟ್ಟಗಾಗುತ್ತಿತ್ತು. ಇಲ್ಲಿ ಕತ್ತಲೆಯಲ್ಲಿ, ಅಳತೆಯಿಲ್ಲದೆ, ಯಾರೂ ಹೇಳಿಕೊಡದೆ ಇಷ್ಟು ನೇರ.

ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಬಟ್ಟೆ ಸುತ್ತಿದ ಎರಡು ತಂತಿಗಳು ಮೂರನೆಯ ಎರಿಯ ನಟ್ಟನಡುವೆ ಹಾದುಹೋಗಿದ್ದವು. ಜೇನು ಅವನ್ನು ಬಿಟ್ಟು ಕಟ್ಟಿರಲಿಲ್ಲ, ಮೇಣದಿಂದ ಸುತ್ತಿ ಎರಿಯ ಒಳಗೇ ತಕ್ಕೊಂಡಿತ್ತು. ಅವುಗಳ ಎರಡೂ ಬದಿಯ ಪುಟ್ಟ ಕೋಣೆಗಳಲ್ಲಿ ಬಿಳಿ ಮರಿಗಳು ಮಲಗಿದ್ದವು.

"ಆಯಿ," ದಾನಪ್ಪ ಪಿಸುಗುಟ್ಟಿದ. "ಇಡೀ ಮನಿ ಕರೆಂಟು ಹರಿಯೋ ತಂತಿ ಇದು. ಇದನ್ನ ಮೈಯಾಗ ಇಟ್ಕೊಂಡು ಮಕ್ಕಳು ಸಾಕ್ಯಾವಲ್ಲ!"

ಅಕ್ಕುವಿಗೆ ಕೇಳಿಸಲಿಲ್ಲವೋ ಏನೋ. ಅವಳು ಮೊಣಕೈವರೆಗೆ ಬರಿಗೈಯನ್ನು ಗೂಡಿನೊಳಗೆ ಇಳಿಸಿದ್ದಳು. ಹುಳುಗಳು ಅವಳ ಸುಕ್ಕುಗಟ್ಟಿದ ತೋಳಿನ ಮೇಲೆ ಹತ್ತಿ ಇಳಿದವು, ಬಳೆಗಳ ನಡುವೆ ನಡೆದಾಡಿದವು. ಒಂದೂ ಕಚ್ಚಲಿಲ್ಲ. ತೆಳುವಾದ ಚೂರಿಯಿಂದ ಅವಳು ಒಂದೊಂದೇ ಎರಿ ಕೊಯ್ದು, ಬಿದಿರಿನ ಸೀಳಿಗೆ ಬಾಳೆನಾರಿನಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿ ಅದೇ ಸಾಲಿನಲ್ಲಿ ತೂಗುಹಾಕಿದಳು. ಮೂರನೆಯದು ಬಂದಾಗ ಮಾತ್ರ ಕೈ ನಿಲ್ಲಿಸಿದಳು. "ಇದು ನಿನ್ನದು. ತಂತಿ ನನಗೆ ಗೊತ್ತಿಲ್ಲ."

ದಾನಪ್ಪ ಹಲಗೆಯನ್ನು ವಾರಿಜಾಳಿಗೆ ಹಿಡಿಯಲು ಕೊಟ್ಟು ಮುಂದೆ ಬಂದ. ತಂತಿಯ ತುದಿಗಳನ್ನು ಸ್ವಿಚ್ಚಿನಿಂದ ಬಿಡಿಸಿ, ಎರಿಯೊಳಗಿಂದ ನೂಲಿನಷ್ಟು ನೂಲಿನಷ್ಟೇ ಹೊರಕ್ಕೆ ಎಳೆದ. ಒಂದು ಹುಳ ಅವನ ಹೆಬ್ಬೆರಳಿಗೆ ಕಚ್ಚಿತು. ಅವನು ಕೈ ಅಲುಗಿಸಲಿಲ್ಲ. ತಂತಿ ಪೂರ್ತಿ ಹೊರಬಂದಾಗ ಒಂದು ಮರಿಗೂ ನೋವಾಗಿರಲಿಲ್ಲ. ಅಕ್ಕು "ಶಾಭಾಸ್" ಎಂದಳು. ಯಾರ ಹೊಗಳಿಕೆಗೂ ಹಿಗ್ಗದ ದಾನಪ್ಪ ಮೇಣ ಮೆತ್ತಿದ ಆ ತಂತಿಯನ್ನು ಎಸೆಯದೆ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಕೊನೆಗೆ ಅಕ್ಕು ಎರಡು ಬೆರಳಿನಲ್ಲಿ ಉದ್ದನೆಯ ಕಪ್ಪು ಹುಳವೊಂದನ್ನು ರೆಕ್ಕೆ ಹಿಡಿದು ಎತ್ತಿ ತೋರಿಸಿದಳು. "ರಾಣಿ. ಇವಳು ಎಲ್ಲಿಯೋ ಅಲ್ಲಿ ಎಲ್ಲರೂ." ಅವಳನ್ನು ಪೆಟ್ಟಿಗೆಯೊಳಗೆ ಬಿಟ್ಟು ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಹೊರಗೆ ಗೋಡೆಯ ತೂತಿನ ಕೆಳಗೇ ಸ್ಟೂಲಿನ ಮೇಲಿಟ್ಟಳು. ಪೆಟ್ಟಿಗೆಗೆ ಬೆರಳಗಲದ ಬಾಗಿಲು.

ಒಳಗೆ ಉಳಿದ ಹುಳುಗಳು ಹೊಗೆಗೆ ಹೊರಬಿದ್ದ ಮೇಲೆ ದಾನಪ್ಪ ಹೊಸ ತಂತಿ ಎಳೆದು ಕಂಬದ ತಂತಿಗೆ ಕೂಡಿಸಿ, ತೂತಿಗೆ ಗಾರೆ ಮೆತ್ತಿ ಬೋರ್ಡು ಕೂರಿಸಿದ. ಅಕ್ಕು ಸೆರಗಿನ ಗಂಟು ಬಿಚ್ಚಿ ಫ್ಯೂಸು ಕೊಟ್ಟಳು. ಮೇನ್ ಹಾಕಿದಾಗ ದೀಪ ಹೊತ್ತಿತು, ಪಂಖಾ ತಿರುಗಿತು, ಬೋರ್ಡು ತೆಪ್ಪಗಿತ್ತು. ವಾರಿಜಾ ಧೈರ್ಯ ಮಾಡಿ ಸ್ವಿಚ್ಚು ಒತ್ತಿ ನಕ್ಕಳು.

ದಾನಪ್ಪನಿಗೆ ಅಂದು ಕಾಂದಿವಲಿಯಲ್ಲಿ ಇನ್ನೊಂದು ಕೆಲಸವಿತ್ತು. ಹತ್ಯಾರದ ಚೀಲ ಹೆಗಲಿಗೇರಿಸಿ ಹೊರಟವನು ಪಕ್ಕದ ಸಂದಿಯಲ್ಲಿ ನಿಂತ. ಇಳಿಬಿಸಿಲು. ಹೂವಿನಿಂದ ಮರಳಿದ ಹುಳುಗಳು ಮುಚ್ಚಿದ ತೂತಿಗೆ ಬಂದು ಬಡಿದು, ದಾರಿ ಕಾಣದೆ ಗಾಳಿಯಲ್ಲಿ ಸುತ್ತುತ್ತಿದ್ದವು. ಪೆಟ್ಟಿಗೆಯ ಬಾಗಿಲಲ್ಲಿ ಕೆಲವು ಸಾಲಾಗಿ ನಿಂತು, ಹಿಂಬದಿ ಎತ್ತಿ, ಜೋರಾಗಿ ರೆಕ್ಕೆ ಬೀಸುತ್ತಿದ್ದವು.

"ಹೊರಗಿನವರನ್ನು ಕರೀತಾ ಇದ್ದಾವೆ," ಎಂದಳು ಹಿಂದೆ ಬಂದು ನಿಂತ ಅಕ್ಕು.

ನೋಡುತ್ತಿದ್ದಂತೆ ಒಂದು ಇಳಿಯಿತು, ಮತ್ತೆ ನಾಲ್ಕು, ಮತ್ತೆ ಗುಂಪು ಗುಂಪಾಗಿ. ಇಳಿದವು ನಡೆದೇ ಒಳಹೋದವು.

"ಅವಕ್ಕ ಹೆಂಗ ಗೊತ್ತಾಗತೈತಿ, ಆಯಿ? ಇದ ತಮ್ಮ ಮನಿ ಅಂತ?" ದಾನಪ್ಪ ಅವಳ ಕಿವಿಯ ಹತ್ತಿರ ಬಾಗಿ ಕೇಳಿದ.

ಅಕ್ಕು ತಲೆಯಾಡಿಸಿದಳು. "ಐವತ್ತು ವರ್ಷದಿಂದ ನೋಡ್ತಾ ಇದ್ದೇನೆ ಮಗ. ನನಗೂ ಗೊತ್ತಿಲ್ಲ."

ದಾನಪ್ಪ ಚೀಲ ಕೆಳಗಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತ. ವಾರಿಜಾ ತಂದಿಟ್ಟ ಚಹಾ ಅವನ ಪಕ್ಕದಲ್ಲಿ ಆರಿ ಕೆನೆಗಟ್ಟಿತು.