ಹಾವಿನ ಮನೆಯ ಬೀಗತನ

ನನ್ನ ತಾಯಿಯ ತಾಯಿ ವೀರವ್ವ ಆಯಿ ಒಂದು ಮಾತು ಹಿಡಿದರೆ ಬಿಡುವವಳಲ್ಲ. ಈ ಸಲ ಹಿಡಿದದ್ದು ನನ್ನ ಮದುವೆ. ನಾನು ಅವಳ ಮಗ ಶರಣು ಮಾಮಾನನ್ನೇ ಕಟ್ಟಿಕೊಳ್ಳಬೇಕಂತೆ. ಸೋದರಮಾವನಿಗೆ ಕೊಡುವುದು ಹತ್ತಿಮತ್ತೂರಿನ ನಮ್ಮ ಮನೆತನದಲ್ಲಿ ಹೊಸದೇನಲ್ಲ. ಆದರೆ ಮಾಮಾ ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅವನಿಗೂ ಇದು ಬೇಡ, ನನಗಂತೂ ನೆನೆಸಿಕೊಂಡರೇ ಅಳು ಬರುತ್ತಿತ್ತು.

ಮಾಮಾನಿಗೆ ಶಿಗ್ಗಾಂವಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿ. ಮನೆಯಲ್ಲಿ ಸರ್ಕಾರಿ ಕಾಗದ ಮಾಡಿಸಿ ಸಾಕಿದ ಜೋಡಿ ಬಾಲ್ ಪೈಥಾನ್. ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಮುಚ್ಚಿಕೊಳ್ಳುವ ಪುಕ್ಕಲು ಹೆಬ್ಬಾವುಗಳು. ಹೆಣ್ಣು ಮೊಟ್ಟೆ ಇಟ್ಟಾಗ ಮಾಮಾನಿಗೆ ಉಪಾಯ ಹೊಳೆಯಿತು. ಹೇಳಿದರೆ ಕೇಳದ ಆಯಿ ಕಣ್ಣಾರೆ ಕಂಡರೆ ಕೇಳಬಹುದು.

ಮೊಟ್ಟೆ ಬಿರಿದ ದಿನ ಆಯಿಯನ್ನು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂರಿಸಿದೆವು.

"ಅವ್ವಾ, ಗಂಡೂ ಕಂದು, ಹೆಣ್ಣೂ ಕಂದು. ಆದ್ರ ಕಪ್ಪ ಬಣ್ಣ ಹುಟ್ಟಿಸದ ಒಂದ ಗುಣ ಎರಡರೊಳಗೂ ಅಡಗಿ ಕುಂತೈತಿ. ಒಂದ ಕಡೆಯಿಂದ ಬಂದ್ರ ಕಾಣಂಗಿಲ್ಲ. ಎರಡೂ ಕಡೆಯಿಂದ ಬಂದ್ರ ಮರಿ ಹಳದಿ. ಒಂದ ಮನಿತನದಾಗ ಲಗ್ನ ಮಾಡಿದ್ರ ಅಡಗಿದ್ದು ಹಿಂಗ ಹೊರಗ ಬೀಳ್ತೈತಿ. ನಮ್ಮೊಳಗ ಅಡಗಿದ್ದು ರೋಗನೂ ಇರಬಹುದು."

ಮೊದಲ ಮರಿ ಕಂದು. ಎರಡನೆಯದೂ ಕಂದು. ಮಾಮಾ ಬೆವರತೊಡಗಿದ. ಪ್ರತಿ ಮೊಟ್ಟೆಗೂ ನಾಲ್ಕರಲ್ಲೊಂದು ಪಾಲು ಅವಕಾಶ ಅಷ್ಟೆ, ಹಳದಿ ಮರಿ ಬರಲೇಬೇಕೆಂದೇನಿಲ್ಲ. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕಡೆಯ ಮೊಟ್ಟೆಯಿಂದ ಕೆಂಪು ಕಣ್ಣಿನ ಹಳದಿ ಮರಿ ತಲೆ ಹಾಕಿತು.

"ಅಯ್ಯ ಶಿವನ! ಅರಿಷಿಣ ಹಚ್ಚಿದ ಮದಿಮಗಳು ಆಗೈತಲ್ಲೋ!" ಆಯಿ ಕೈ ಮುಗಿದಳು. "ಮನಿಯೊಳಗ ಕೊಟ್ರ ಇಂಥಾ ಚಂದದ ಮಕ್ಕಳು ಹುಟ್ಟತಾವು ಅಂದ್ರ ತಡಾ ಯಾಕ? ನಾಳೆನ ಮುಹೂರ್ತ ತಗಿಸ್ತೇನಿ."

ಮಾಮಾ ಇಂಗು ತಿಂದ ಮಂಗನಂತೆ ನಿಂತ. ನನಗೆ ಆ ಮರಿಯ ಮೇಲೇ ಸಿಟ್ಟು ಬಂತು.

ಬೀಗತನದ ಮಾತೆದ್ದರೆ ಸಂಬಂಧ ಕೇಳದೆ ಆಯಿಗೆ ಸಮಾಧಾನವಿಲ್ಲ. "ಅಲ್ಲೋ, ಇದರ ಅವ್ವ-ಅಪ್ಪ ಒಂದಕ್ಕೊಂದು ಏನಾಗಬೇಕು? ಸೋದರಮಾವ-ಸೊಸಿ ಏನು?"

"ಇಲ್ಲವ್ವ. ಅಣ್ಣ-ತಂಗಿ."

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದಳು. "ಅಣ್ಣಗ ತಂಗೀನ ಕೊಟ್ಟಿ? ನಿನ್ನ ಕೈಯಾರ?"

"ಹಾವಿಗೇನ ಗೊತ್ತಾಗತೈತವ್ವ?"

"ಹಾವಿಗೆ ಗೊತ್ತಿಲ್ಲ. ನಿನಗ ಗೊತ್ತಿತ್ತಲ್ಲ! ಇಂಥಾ ಲಗ್ನ ಮಾಡಿಸಿದವಗ ನನ್ನ ಮೊಮ್ಮಗಳನ್ನ ಕೊಡೂದಿಲ್ಲ. ನನ್ನ ಮಗ ಆದ್ರೂ ಕೊಡೂದಿಲ್ಲ!"

ಮಾಮಾ ನಗು ತಡೆಯಲು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದ. ನನಗೆ ಸಂತೋಷಕ್ಕೆ ಅಳುವೇ ಬಂತು. ಆಯಿ ಅದನ್ನು ದುಃಖವೆಂದುಕೊಂಡು ತಲೆ ಸವರಿದಳು. "ಅಳಬ್ಯಾಡ ಕೂಸ. ಇಂವ ನಿನಗ ತಕ್ಕವ ಅಲ್ಲ."

ಹೊರಡುವ ಮುನ್ನ ಅವಳು ಮತ್ತೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

"ಪಾಪ, ಇದರದೇನ ತಪ್ಪೈತಿ. ಶರಣು, ಬುದ್ಧಿ ಕಲಿ. ಇದಕ್ಕಾದ್ರೂ ಹೊರಗಿನ ಮನಿತನದ ಗಂಡು ಹುಡುಕು."

ಬೆಳಗಿನಿಂದ ಗಂಟಲು ಹರಿದುಕೊಂಡು ಇದನ್ನೇ ಹೇಳಿದ್ದ ಮಾಮಾ, "ಆತವ್ವ, ನೀ ಹೇಳಿದಂಗ" ಅಂದ.