ಮೂವತ್ತಕ್ಕೆ ಹದಿನೇಳು

ಡಾ. ಜೀವಿತಾಗೆ ಬೇಕಿದ್ದದ್ದು ನಲವತ್ತು ಜನ. ಮೂವತ್ತೊಂಬತ್ತು ಜನರ ವಿಷಯ ಗೊತ್ತಾಗಿತ್ತು, ಒಬ್ಬರು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಜೀವಿತಾ ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಒಬ್ಬಳೇ ನರಶಸ್ತ್ರಚಿಕಿತ್ಸಕಿ. ವಯಸ್ಸಾದವರ ತಲೆಗೆ ಏನಾದರೂ ಬಡಿದರೆ ಕೆಲವೊಮ್ಮೆ ಬುರುಡೆಯ ಒಳಗೆ ರಕ್ತ ಹನಿಹನಿಯಾಗಿ ಸೋರಿ ವಾರಗಟ್ಟಲೆ ಸೇರಿಕೊಂಡು ಮಿದುಳನ್ನು ಒತ್ತುತ್ತದೆ. ಅಷ್ಟರಲ್ಲಿ ಪೆಟ್ಟು ಬಿದ್ದದ್ದೇ ಎಲ್ಲರಿಗೂ ಮರೆತಿರುತ್ತದೆ. ಮಾತು ತಪ್ಪುತ್ತದೆ, ಕಾಲು ಎಳೆಯುತ್ತದೆ. ಮನೆಯವರು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಬುರುಡೆಗೆ ಎರಡು ಸಣ್ಣ ತೂತು ಕೊರೆದು ಆ ಹಳೆಯ ರಕ್ತವನ್ನು ತೊಳೆದು ತೆಗೆದರೆ ಬಹಳಷ್ಟು ಜನ ಸರಿಹೋಗುತ್ತಾರೆ. ಇಂಥವರನ್ನು ಮೊದಲೆಲ್ಲ ಬೆಂಗಳೂರಿಗೆ ಕಳಿಸುತ್ತಿದ್ದರು. ಹಾಸಿಗೆ ಖಾಲಿಯಾಗುವವರೆಗೆ ಕಾಯುವುದರಲ್ಲೇ ಕೆಲವರು ಹೋಗಿಬಿಡುತ್ತಿದ್ದರು. ಈ ಆಪರೇಷನ್ನನ್ನು ಜಿಲ್ಲೆಯಲ್ಲೇ, ತಲೆಯ ಚರ್ಮವನ್ನಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು ಮಾಡಿದರೆ ರೋಗಿಗಳು ಆರು ತಿಂಗಳ ನಂತರ ಹೇಗಿರುತ್ತಾರೆ ಎಂಬುದು ಜೀವಿತಾಳ ಸಂಶೋಧನೆ. ಫಲಿತಾಂಶ ಚೆನ್ನಾಗಿದ್ದರೆ ವಾರಕ್ಕೆ ಇನ್ನೊಂದು ದಿನ ಥಿಯೇಟರ್ ಕೊಡುತ್ತೇವೆಂದು ಮೇಲಿನವರು ಹೇಳಿದ್ದರು.

ನಲವತ್ತರಲ್ಲಿ ಮೂವರು ತೀರಿಕೊಂಡಿದ್ದರು. ಅದನ್ನೂ ಆಕೆ ಬರೆದುಕೊಂಡಿದ್ದಳು. ಸಿಗದಿದ್ದವನು ಹೊನ್ನವಳ್ಳಿ ಕಡೆಯ ಆಂಜನಪ್ಪ.

ಆಂಜನಪ್ಪನಿಗೆ ಅರವತ್ತೇಳು. ಕೊಬ್ಬರಿಗೆಂದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸಿದ ತೆಂಗಿನಕಾಯಿ ಇಳಿಸಿ ಸುಲಿದ ಮೇಲೆ, ಯಾವುದು ಒಡೆಯಲು ತಯಾರು, ಯಾವುದು ಇನ್ನೂ ಹಸಿ, ಯಾವುದು ಒಳಗೇ ಕೊಳೆತಿದೆ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವುದು ಅವನ ಕೆಲಸ. ಶಂಭುಲಿಂಗಯ್ಯ ಎಂಬ ತೋಟಗಾರರ ಮನೆಯಲ್ಲಿ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದ. ಕಳೆದ ಜನವರಿಯಲ್ಲಿ ಅವನು ಹಸಿ ಕಾಯಿಯನ್ನು ಒಣಗಿದ ರಾಶಿಗೆ ಎಸೆಯತೊಡಗಿದಾಗ ಶಂಭುಲಿಂಗಯ್ಯನವರು ವಯಸ್ಸಾಯಿತು ಎಂದುಕೊಂಡು ಬೈಯಲಿಲ್ಲ. ಕಾಯಿಲೆಯ ಗುರುತು ಹಿಡಿದವಳು ಅವನ ಸೊಸೆ ಮಂಗಳಾ. ಮಾವ ತಟ್ಟೆಯ ಬಲಗಡೆ ಬಡಿಸಿದ್ದನ್ನಷ್ಟೇ ತಿಂದು, ಎಡಗಡೆಯದು ಕಾಣಲೇ ಇಲ್ಲವೆಂಬಂತೆ ಏಳುವುದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಗಂಡನನ್ನೂ ಕಾಯದೆ ಮಾವನನ್ನು ಬಸ್ಸು ಹತ್ತಿಸಿದಳು. ತಲೆಗೇನಾದರೂ ಬಡಿದಿತ್ತಾ ಎಂದು ಜೀವಿತಾ ಕೇಳಿದಾಗ, ದೀಪಾವಳಿ ಆದ ಮೇಲೆ ಒಂದು ದಿನ ಅಟ್ಟದ ತೊಲೆಗೆ ತಲೆ ಹೊಡೆಸಿಕೊಂಡು ಅರಿಶಿನ ಹಚ್ಚಿಕೊಂಡದ್ದು ಅವಳಿಗೇ ನೆನಪಾಯಿತು.

ಆಪರೇಷನ್ ಆದದ್ದು ಮಾರನೆಯ ಬೆಳಿಗ್ಗೆ. ಆಂಜನಪ್ಪನಿಗೆ ಪೂರ್ತಿ ಎಚ್ಚರವಿತ್ತು. ಎರಡನೆಯ ತೂತಿನಿಂದ ಡಿಕಾಕ್ಷನ್ನಿನಂಥ ಕಪ್ಪು ರಕ್ತ ಹರಿದು ಬಂದು, ಒತ್ತಿಹೋಗಿದ್ದ ಮಿದುಳು ಮೆಲ್ಲಗೆ ಮೇಲೆದ್ದು ನಾಡಿಯಂತೆ ಮಿಡಿಯತೊಡಗಿತು. ಅಷ್ಟು ದಿನ ಜೋತುಬಿದ್ದಿದ್ದ ಎಡಗೈಯನ್ನು ಎತ್ತಿ ನೋಡಿ ಎಂದು ಜೀವಿತಾ ಹೇಳಿದಳು. ಹಸಿರು ಬಟ್ಟೆಯಡಿಯಿಂದ ಕೈ ನಿಧಾನವಾಗಿ ಮೇಲೆ ಬಂತು. ಐದೂ ಬೆರಳು ಬಿಡಿಸಿ ಮಡಚಿದ ಆಂಜನಪ್ಪ, ಇದು ನಂದೇಯಾ ಎಂದು ಕೇಳಿದ.

ಮೂರು ತಿಂಗಳ ತಪಾಸಣೆಗೆ ಅವನು ತಪ್ಪದೆ ಬಂದಿದ್ದ. ಆರು ತಿಂಗಳದ್ದಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಒಮ್ಮೆ ನೆಂಟರ ಮದುವೆ ಎಂದ, ಇನ್ನೊಮ್ಮೆ ಜ್ವರ ಎಂದ. ಆಮೇಲೆ ಫೋನೇ ಆಫ್. ಒಬ್ಬರು ಸಿಗಲಿಲ್ಲವೆಂದು ಬರೆದು ಮುಗಿಸಬಹುದಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ತಪ್ಪಿಸಿಕೊಂಡವರಲ್ಲೇ ಹೆಚ್ಚಾಗಿ ಕೆಟ್ಟ ಸುದ್ದಿ ಇರುತ್ತದೆಂದು ಜೀವಿತಾ ಅನುಭವದಿಂದ ಬಲ್ಲಳು. ರಕ್ತ ಮತ್ತೆ ಸೇರಿಕೊಂಡಿದೆಯೋ ಏನೋ, ಮುಚ್ಚಿಡುತ್ತಿದ್ದಾನೆಯೋ ಏನೋ ಎಂಬ ಯೋಚನೆ ಬಿಡಲಿಲ್ಲ. ಒಂದು ಭಾನುವಾರ ವಾರ್ಡಿನ ನರ್ಸ್ ಮಹಾಂತೇಶನನ್ನು ಕರೆದುಕೊಂಡು ಹೊರಟಳು. ರೋಗಿಗಳ ತಪಾಸಣೆಯ ಫಾರಂ ತುಂಬುತ್ತಿದ್ದವನು ಅವನೇ. ತಿಪಟೂರಿನವನಾದ್ದರಿಂದ ಆ ಕಡೆಯ ದಾರಿಯೂ ಗೊತ್ತಿತ್ತು. ತಿಪಟೂರಿನವರೆಗೆ ರೈಲು, ಅಲ್ಲಿಂದ ಬಸ್ಸು.

ಮನೆಯಲ್ಲಿ ಮಂಗಳಾ ಸಿಕ್ಕಳು. ಆಸ್ಪತ್ರೆಯಿಂದ ಫೋನು ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ. ಮಾವ ಚೆನ್ನಾಗಿದ್ದಾರೆ, ಕೆಲಸಕ್ಕೆ ಹೋಗಿದ್ದಾರೆ ಎಂದಳು. ತಪಾಸಣೆ ಎಲ್ಲಾ ಮುಗಿಯಿತು, ಇನ್ನು ಹೋಗಬೇಕಾಗಿಲ್ಲ ಎಂದು ಅವಳಿಗೆ ಹೇಳಿದ್ದನಂತೆ. ಅವಳೇ ಮುಂದಾಗಿ ಶಂಭುಲಿಂಗಯ್ಯನವರ ಮನೆಗೆ ಕರೆದೊಯ್ದಳು.

ಅಂಗಳದ ತುಂಬ ಸುಲಿದ ಕಾಯಿ. ನಡುವೆ ಕೂತಿದ್ದ ಆಂಜನಪ್ಪ ಡಾಕ್ಟರನ್ನು ನೋಡಿದವನೇ ಎದ್ದು, ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಮುಖ ಸಪ್ಪಗಾಯಿತು. ಜೀವಿತಾ ಏನೂ ಕೇಳದೆ ಅವನ ನಡಿಗೆ ನೋಡಿದಳು. ಎರಡೂ ಕೈ ಮುಂದೆ ಚಾಚಿಸಿ, ಕಣ್ಣು ಮುಚ್ಚಿಸಿ ನೋಡಿದಳು. ಯಾವುದೂ ವಾಲಲಿಲ್ಲ. ತಲೆನೋವಿಲ್ಲ, ನಿದ್ದೆ ಚೆನ್ನಾಗಿದೆ. ಹಾಗಿದ್ದರೆ ಬರದಿದ್ದದ್ದು ಯಾಕೆ ಎಂದು ಕೇಳಿದಳು.

ಆಂಜನಪ್ಪ ಮಹಾಂತೇಶನ ಕಡೆ ಕೈ ತೋರಿಸಿದ.

"ಹೋದ್ಸಲ ಬಂದಾಗ ಈಯಪ್ಪ ನಂಗೆ ಪರೀಕ್ಸೆ ಮಾಡಿದ್ರು," ಎಂದ. "ನೂರ್ರಲ್ಲಿ ಏಳು ಕಳೀರಿ, ಅದ್ರಲ್ಲಿ ಏಳು ಕಳೀರಿ ಅಂದ್ರು. ಗಡಿಯಾರ ಬರೀರಿ ಅಂದ್ರು. ಚೀಟಿ ಓದಿ ಅಂದ್ರು. ನಾನು ಇಸ್ಕೂಲ್ ಮೆಟ್ಲು ಹತ್ತಿದೋನಲ್ಲ ಕಣವ್ವ. ಆಮೇಲೆ ಆಚೆ ನಿಂತ್ಕಂಡು ಇನ್ನೊಬ್ರಿಗೆ ಹೇಳ್ತಿದ್ರು. ಮೂವತ್ತಕ್ಕೆ ಹದಿನೇಳೇ ಬಂದಿರೋದು, ಇಂಗೆ ಮಾರ್ಕ್ಸ್ ಕಮ್ಮಿ ಬಂದ್ರೆ ಇಲ್ಲಿ ಆಪ್ರೇಸನ್ ಮಾಡೋದ್ನೇ ನಿಲ್ಲಿಸ್ಬುಡ್ತಾರೆ ಅಂತ."

ಮಹಾಂತೇಶನ ಮುಖ ಕೆಂಪಾಯಿತು.

"ನಂಗೆ ಕೈ ಬಂತು, ಕಾಲು ಬಂತು," ಎಂದು ಆಂಜನಪ್ಪ ಮುಂದುವರಿಸಿದ. "ಇನ್ನೊಂದ್ಸಲ ಬಂದು ಅದ್ಕಿಂತ ಕಮ್ಮಿ ತಗಂಡ್ರೆ ನಿಮ್ ಕೆಲ್ಸ ನನ್ನಿಂದ ಕೆಟ್ಟೋಯ್ತದೆ. ನನ್ನಂಥೋರು ಇನ್ನೂ ಎಷ್ಟ್ ಜನ ಬರೋರು ಅವ್ರೋ. ಅದ್ಕೇಯ ಬರ್ಲಿಲ್ಲ."

ನೆನಪು, ಯೋಚನಾಶಕ್ತಿ ಅಳೆಯುವ ಆ ಫಾರಂ ಎರಡು ವರ್ಷದಿಂದ ಜೀವಿತಾಳ ಮೇಜಿನ ಮೇಲಿತ್ತು. ಯಾವುದೋ ದೇಶದ ಓದುಬರಹ ಬಲ್ಲವರಿಗಾಗಿ ಮಾಡಿದ್ದನ್ನು ಕನ್ನಡಕ್ಕೆ ತಿರುಗಿಸಿಕೊಂಡಿದ್ದರು. ಓದಲು ಬಾರದವರಿಗೆ ಅಂಕ ಕಡಿಮೆ ಬರುವುದು ಅವಳಿಗೂ ಕಂಡಿತ್ತು, ಆಮೇಲೆ ನೋಡೋಣ ಎಂದು ಬಿಟ್ಟಿದ್ದಳು. ಆ ಹದಿನೇಳನ್ನು ಒಬ್ಬ ಮನುಷ್ಯ ಮೂರು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ತಿರುಗುತ್ತಾನೆಂದು ಮಾತ್ರ ಹೊಳೆದಿರಲಿಲ್ಲ.

"ತಪ್ಪು ನಂದು," ಎಂದ ಮಹಾಂತೇಶ. "ಹಂಗೆಲ್ಲಾ ಮಾತಾಡ್ಬಾರ್ದಿತ್ತು. ಮನಸ್ಸಿಗೆ ಹಚ್ಕೋಬೇಡಿ ಯಜಮಾನ್ರೇ."

"ಬುಡಪ್ಪ, ನೀನೇನ್ ಬೇಕಂತ ಅಂದ್ಯಾ," ಎಂದ ಆಂಜನಪ್ಪ.

ಜೀವಿತಾ ಕೂತುಕೊಂಡಳು. ಅಲ್ಲಿದ್ದ ರಾಶಿಯಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದಳು. ಏನೋ ಕುಲುಕಿತು, ಅಷ್ಟೇ ತಿಳಿಯಿತು. ಇದನ್ನು ಕೇಳಿ ಒಳಗಿನದನ್ನು ಹೇಗೆ ಹೇಳುತ್ತೀರಿ ಎಂದು ಕೇಳಿದಳು. ಆಂಜನಪ್ಪ ವಿವರಿಸಲು ಹೋಗಿ ಸೋತ. ಕೇಳಿದರೆ ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಬರಲಿಲ್ಲ.

ಆಗ ಅವಳಿಗೆ ಒಂದು ಯೋಚನೆ ಬಂತು. ಶಂಭುಲಿಂಗಯ್ಯನವರನ್ನು ಕೇಳಿಕೊಂಡು, ವಿಂಗಡಿಸದ ರಾಶಿಯಿಂದ ಹನ್ನೆರಡು ಕಾಯಿ ಆರಿಸಿ ಸಾಲಾಗಿ ಇಡಿಸಿದಳು. ತಾನು, ಶಂಭುಲಿಂಗಯ್ಯ, ಆಂಜನಪ್ಪ ಮೂವರೂ ಅಲ್ಲಾಡಿಸಿ ಹೇಳುವುದು, ಮಹಾಂತೇಶ ಬರೆದುಕೊಳ್ಳುವುದು, ಕೊನೆಗೆ ಒಡೆದು ನೋಡುವುದು. ಹಸಿ ಇರುವುದನ್ನು ಒಡೆದರೆ ನಷ್ಟವಲ್ಲವೇ ಎಂದು ಮಂಗಳಾ ಸಂಕೋಚಪಟ್ಟಳು. ಚಟ್ನಿಗಾಗುತ್ತದೆ ಎಂದರು ಶಂಭುಲಿಂಗಯ್ಯ. ಅವರಿಗೂ ಹುಮ್ಮಸ್ಸು ಬಂದು ಪಂಚೆ ಎತ್ತಿ ಕಟ್ಟಿಕೊಂಡರು.

ಮೊದಲು ಜೀವಿತಾ, ಆಮೇಲೆ ಶಂಭುಲಿಂಗಯ್ಯ, ಕೊನೆಗೆ ಆಂಜನಪ್ಪ. ಒಬ್ಬರು ಹೇಳುವಾಗ ಉಳಿದವರಿಗೆ ಕೇಳಿಸದಂತೆ ದೂರ ಕಳಿಸಿದ್ದರು. ಆಂಜನಪ್ಪ ಎಡಗೈಯಲ್ಲೇ ಕಾಯಿ ಎತ್ತಿ, ತಲೆ ಸ್ವಲ್ಪ ವಾಲಿಸಿ, ಎರಡೇ ಸಲ ಅಲ್ಲಾಡಿಸಿ ಇಡುತ್ತಿದ್ದ. ಏಳನೆಯದರ ಹತ್ತಿರ ಮಾತ್ರ ತಡೆದು ಮತ್ತೆ ಕೇಳಿದ. ಆಮೇಲೆ ಮಂಗಳಾ ಮಚ್ಚಿನಿಂದ ಒಂದೊಂದಾಗಿ ಒಡೆದಳು. ಡಾಕ್ಟರಿಗೆ ಐದು ಸರಿ. ಐವತ್ತು ವರ್ಷದಿಂದ ಕೊಬ್ಬರಿಯಲ್ಲೇ ಬಾಳಿದ ಶಂಭುಲಿಂಗಯ್ಯನವರಿಗೆ ಒಂಬತ್ತು. ಆಂಜನಪ್ಪನಿಗೆ ಹನ್ನೊಂದು. ತಪ್ಪಿದ್ದು ಏಳನೆಯದೇ. ತಯಾರು ಎಂದಿದ್ದ, ಒಡೆದರೆ ತಳದಲ್ಲಿ ಒಂದು ಚಮಚದಷ್ಟು ನೀರಿತ್ತು. ಇನ್ನೊಂದು ವಾರ ಬೇಕಿತ್ತು ಎಂದು ತಾನೇ ಒಪ್ಪಿಕೊಂಡ.

"ನನ್ ಮಾರ್ಕ್ಸ್ ನೋಡಿದ್ರಾ?" ಎಂದಳು ಜೀವಿತಾ. "ಹನ್ನೆರಡಕ್ಕೆ ಐದು. ಹಂಗಂತ ನನ್ನ ತಲೆ ಕೆಟ್ಟಿದೆ ಅಂತೀರಾ?"

ಆಂಜನಪ್ಪ ನಕ್ಕ. ಇವರು ಬಂದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ಶಂಭುಲಿಂಗಯ್ಯನವರು, ತಮಗಿಂತ ಎರಡು ಹೆಚ್ಚು ತೆಗೆದುಕೊಂಡನಲ್ಲ ಎಂದು ಇನ್ನೊಂದು ಹನ್ನೆರಡು ಕಾಯಿ ಇಡಲು ಹೊರಟಿದ್ದರು. ಮಂಗಳಾ ತಡೆದಳು.

ಆದರೆ ಜೀವಿತಾ ಬಂದ ಕೆಲಸ ಬಿಡಲಿಲ್ಲ. ಅದೇ ಫಾರಂ ತೆಗೆದು, ಅದೇ ಪ್ರಶ್ನೆಗಳನ್ನು ಕೇಳಲೇಬೇಕು ಎಂದಳು. ನಡುವೆ ಅಳತೆ ಬದಲಿಸಿದರೆ ಅದು ಸಂಶೋಧನೆಯಾಗುವುದಿಲ್ಲ, ಎಷ್ಟು ಬಂದರೂ ಬಂದಷ್ಟನ್ನೇ ಬರೆಯುತ್ತೇನೆ, ಆದರೆ ಯಾಕೆ ಅಷ್ಟು ಬಂತು ಎಂಬುದನ್ನೂ ಬರೆಯುತ್ತೇನೆ ಎಂದು ಅವನಿಗೆ ಬಿಡಿಸಿ ಹೇಳಿದಳು. ಆಂಜನಪ್ಪ ಜಗಲಿಯ ಮೇಲೆ ಕೂತು ಹೆದರದೆ ಉತ್ತರಿಸಿದ. ಹದಿನೆಂಟು ಬಂತು.

ಮಂಗಳಾ ಊಟ ಮಾಡಿಸದೆ ಬಿಡಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು, ಜೊತೆಗೆ ಒಡೆದ ಹಸಿ ಕಾಯಿಗಳ ಚಟ್ನಿ. ಜೀವಿತಾ ಎರಡನೆಯ ಸಲ ಸಾರು ಹಾಕಿಸಿಕೊಂಡಳು. ತಿಪಟೂರಿನ ಬಸ್ಸಿನಲ್ಲಿ ಮಹಾಂತೇಶ, ಓದು ಬಾರದವರು ನಲವತ್ತರಲ್ಲಿ ಹನ್ನೊಂದು ಜನ ಇದ್ದಾರೆ, ಎಲ್ಲರ ಮನೆಗೂ ತಾನೇ ಹೋಗಿ ಬರುತ್ತೇನೆ ಎಂದ. ಹೇಳಿದಂತೆ ಎರಡು ತಿಂಗಳು ರಜೆಯ ದಿನಗಳಲ್ಲಿ ತಿರುಗಿದ. ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೆಯೇ, ಬಸ್ಸಿನಲ್ಲಿ ಒಬ್ಬನೇ ಹೋಗಿಬರುತ್ತಾನೆಯೇ, ಮನೆಯವರ ಹೆಸರು ಹೇಳುತ್ತಾನೆಯೇ ಎಂದು ಮನೆಯವರನ್ನು ಕೇಳಿ ಬರೆದು ತಂದ. ಹನ್ನೊಂದರಲ್ಲಿ ಒಂಬತ್ತು ಜನ ಮೊದಲಿನಂತೆಯೇ ಇದ್ದರು. ಇಬ್ಬರಿಗೆ ಮರೆವು ನಿಜವಾಗಿಯೂ ಹೆಚ್ಚಿತ್ತು, ಅವರಿಗೆ ಚಿಕಿತ್ಸೆ ಶುರುವಾಯಿತು.

ವರದಿ ಮಂಡಿಸಿದ ದಿನ ಮೇಲಿನವರ ಸಮಿತಿ ಹೆಚ್ಚು ಹೊತ್ತು ಚರ್ಚಿಸಿದ್ದು ಆ ಹನ್ನೊಂದು ಜನರ ಪುಟವನ್ನೇ. ಬುಧವಾರದ ಜೊತೆಗೆ ಶನಿವಾರವೂ ಥಿಯೇಟರ್ ಸಿಕ್ಕಿತು. ಹೊಸ ಫಾರಂ ತಯಾರಿಸುವ ಕೆಲಸವನ್ನೂ ಜೀವಿತಾಳಿಗೇ ವಹಿಸಿದರು. ಅವಳಿಗೆ ಅದು ಹೊರೆ ಅನ್ನಿಸಲಿಲ್ಲ.

ಆಪರೇಷನ್ ಆಗಿ ವರ್ಷ ತುಂಬಿದಾಗ ಆಂಜನಪ್ಪ ಯಾರೂ ಕರೆಯದೆ ತಾನೇ ರೈಲು ಹತ್ತಿ ಬಂದ. ಸಾಲಿನಲ್ಲಿ ಅವನ ಮುಂದೆ ಹಾಲ್ಕುರಿಕೆಯ ತಿಮ್ಮಕ್ಕ ಎಂಬ ಮುದುಕಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಮಾರನೆಯ ದಿನ ಅವಳಿಗೆ ಆಪರೇಷನ್. ತಲೆಗೆ ತೂತು ಹಾಕಿದರೆ ಆಮೇಲೆ ಮಳೆನೀರು ಒಳಗೆ ಹೋಗುವುದಿಲ್ಲವೇ ಎಂದು ಅವಳು ಮಗನನ್ನು ಪದೇಪದೇ ಕೇಳುತ್ತಿದ್ದಳು. ಜೀವಿತಾ ಬಾಗಿಲು ತೆರೆದು ನೋಡಿದಾಗ ಆಂಜನಪ್ಪ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಲೆ ಬಗ್ಗಿಸಿದ್ದ. ತಿಮ್ಮಕ್ಕ ಅವನ ನರೆಗೂದಲನ್ನು ಸರಿಸಿ, ಒಂದು ಬೆರಳಿನಿಂದ ಮಾಸಿದ ಗಾಯದ ಗುರುತನ್ನು ಒತ್ತಿ ಒತ್ತಿ ನೋಡುತ್ತಿದ್ದಳು.